ಬೆಂಕಿ ಹಿಡಿಯದ ಡಬ್ಬಿ

ಅವರ ಬೆರಳುಗಳು ಸದಾ ಬೆಳ್ಳಗೆ ಒಣಗಿ ಬಿರಿದಿರುತ್ತಿದ್ದವು. ಆದರೆ ಸೀಮೆಸುಣ್ಣ ಹಿಡಿಯುತ್ತಿದ್ದವಳು ಟೀಚರಾದ ನಾನು. ಅವರದು ಪುತ್ತೂರಿನ ನಮ್ಮ ಶಾಲೆಯೆದುರು ಲಾಂಡ್ರಿ. ಐವತ್ತರ ದಶಕ ಮುಗಿಯುವ ಹೊತ್ತು. ಎಲ್ಲರಿಗೂ ಅವರು ಲಾಂಡ್ರಿಯಣ್ಣ.

ವಕೀಲರ ಕರಿಕೋಟು, ರೇಷ್ಮೆ ಸೀರೆ, ನೀರು ತಾಗಬಾರದ್ದನ್ನೆಲ್ಲ ಮಂಗಳೂರಿನಿಂದ ಡಬ್ಬಿಯಲ್ಲಿ ತರಿಸಿದ ಸಿಹಿ ವಾಸನೆಯ ದ್ರಾವಕದಲ್ಲಿ ಉಜ್ಜುತ್ತಿದ್ದರು. ಆ ಡಬ್ಬಿಯೆಂದರೆ ಮಹಾ ಹೆಮ್ಮೆ. ಬಟ್ಟಲಿಗೆ ತುಸು ಸುರಿದು ಉರಿಯುವ ಬೆಂಕಿಕಡ್ಡಿ ಅದ್ದಿ ಆರಿಸಿ ತೋರಿಸುವರು. “ನೋಡಿ ಟೀಚರೇ, ಪೆಟ್ರೋಲಲ್ಲಿ ಉಜ್ಜಿದ್ರೆ ಅಂಗಡಿಯೇ ಸುಟ್ಟು ಹೋಗ್ತಿತ್ತು. ಬೆಂಕಿಯೇ ಹಿಡಿಯದ್ದು ಮನುಷ್ಯನಿಗೆ ಎಂತ ಮಾಡುದು?”

ಬಸ್ಸುಗಳೆಬ್ಬಿಸುವ ಕೆಂಪು ಧೂಳು ಒದ್ದೆ ರೇಷ್ಮೆಗೆ ಕೂರಬಾರದೆಂದು ಬಾಗಿಲು, ಕಿಟಕಿ ಮುಚ್ಚಿಕೊಂಡೇ ಕೆಲಸ.

ಒಮ್ಮೆ ಅವರಿಗೆ ಕಾಮಾಲೆಯಾಯಿತು. “ಕುಡಿತ ಮಾರಾಯ್ರೆ, ಮತ್ತೆಂತ?” ಎಂದು ಪೇಟೆಯವರು ಆಡಿಕೊಂಡರು. ಶೇಂದಿಯ ವಾಸನೆಗೇ ಮೂಗು ಮುಚ್ಚುವ ಮನುಷ್ಯ! ಬೆಳ್ಳಾರೆ ಕಡೆಯ ಮದ್ದಿನ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟು, ಇಪ್ಪತ್ತೊಂದು ದಿನ ಮನೆಯ ಹೊಸ್ತಿಲು ದಾಟಬಾರದೆಂದು ಪಥ್ಯ ಹೇಳಿದರು. ಗುಣವಾಯಿತು. ಅಂಗಡಿ ತೆರೆದ ಕೆಲವೇ ತಿಂಗಳಲ್ಲಿ ಮತ್ತೆ ಕಾಮಾಲೆ, ಮತ್ತೆ ಪಥ್ಯ, ಮತ್ತೆ ಗುಣ. ಅಜ್ಜಿಯ ಕೈಗುಣವನ್ನು ನಾನೂ ಹೊಗಳಿದೆ. ಮಕ್ಕಳಿಂದ ಯಕೃತ್ತಿನ ಚಿತ್ರ ಬರೆಸುತ್ತಿದ್ದ ನನಗೆ ಬೇರೇನೂ ಹೊಳೆಯಲಿಲ್ಲ.

ಎರಡನೇ ಪಥ್ಯ ಮುಗಿದ ವಾರವೇ ಅಮ್ಮನ ಧಾರೆ ಸೀರೆ ಒಯ್ದೆ. ಸೆರಗಿನಲ್ಲಿ ಅಂಗೈಯಗಲ ದೀಪದೆಣ್ಣೆಯ ಕಲೆ. ನನ್ನ ಮದುವೆಗೆ ಹದಿನೈದೇ ದಿನ. “ಕಷ್ಟವಾದರೆ ಬೇಡ ಅಣ್ಣ” ಎಂದೆ, ಸೀರೆಯನ್ನು ಅವರ ಕೈಯಲ್ಲಿಟ್ಟ ಮೇಲೆ.

“ನಮ್ಮ ಟೀಚರ ಧಾರೆಗೆ ಕಲೆ ಬಿಡುದುಂಟಾ?” ಎಂದು ನಕ್ಕರು. ಮೂರು ದಿನ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು, ಒಳಗೆ ಅವರು ಉಜ್ಜುತ್ತಿದ್ದರು; ನಾಲ್ಕನೆಯ ದಿನ ಕಲೆಯಿಲ್ಲದ ಸೀರೆ ನನ್ನ ಕೈಗೆ ಬಂತು.

ಮದುವೆಗೆ ಅವರು ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋದರೆ ಹೊಟ್ಟೆ ಊದಿ, ಕಣ್ಣು ಅರಸಿನವಾಗಿ ಮಲಗಿದ್ದರು. ಹೊಸ ಡಾಕ್ಟರು ರೋಗಕ್ಕಿಂತ ಮೊದಲು ಕೆಲಸ ಏನೆಂದು ವಿಚಾರಿಸಿದ್ದರಂತೆ. “ಡಬ್ಬಿಯ ಆವಿ ಇವರ ಲಿವರನ್ನು ತಿಂದಿದೆ. ಎರಡು ಸಲ ಬದುಕಿಸಿದ್ದು ಮದ್ದಲ್ಲ, ಅಂಗಡಿಗೆ ಹೋಗದೆ ಮನೆಯಲ್ಲಿ ಕೂತದ್ದು” ಎಂದರು.

ಅಣ್ಣ ನನ್ನತ್ತ ತಿರುಗಿ, “ಹಾಗಾದ್ರೆ ನಾನು ಕುಡಿದದ್ದಲ್ಲ ಅಂತ ಪೇಟೆಯಲ್ಲಿ ಒಮ್ಮೆ ಹೇಳಿ ಟೀಚರೇ” ಎಂದರು.

ಆ ವಾರವೇ ತೀರಿಕೊಂಡರು.

ಸೀರೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಕಲೆ ಎಲ್ಲಿತ್ತೆಂದು ನನಗಲ್ಲದೆ ಬೇರೆ ಯಾರಿಗೂ ತಿಳಿಯದು. ಅವರು ಹೇಳಿದ ಮಾತನ್ನು ಅಂದು ಅಂಗಡಿ ಅಂಗಡಿಗೆ ಹೋಗಿ ಹೇಳಿದೆ; ಕೇಳಿದವರು ಯಾರೂ ಈಗಿಲ್ಲ. ಅದಕ್ಕೇ ಇಲ್ಲಿಯೂ ಬರೆಯುತ್ತಿದ್ದೇನೆ: ನಮ್ಮ ಲಾಂಡ್ರಿಯಣ್ಣ ಕುಡಿಯುತ್ತಿರಲಿಲ್ಲ.