ಮಲ್ಲಪ್ಪ ಕಾಕಾನ ಸಿಟ್ಟು

ಮಲ್ಲಪ್ಪ ಕಾಕಾ ಮೂರನೇ ಮಹಡಿಯಲ್ಲಿ ಸಿಟ್ಟಾದರೆ ಗೇಟಿನ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಕಾಂದಿವಲಿಯ ನಮ್ಮ ಬಿಲ್ಡಿಂಗ್‌ಗೆ ಅವರೇ ಸೆಕ್ರೆಟರಿ. ಮೊದಲು ಧಾರವಾಡದ ಕನ್ನಡದಲ್ಲಿ ಬೈದು, ಎದುರಿನವರಿಗೆ ತಿಳಿಯಲಿಲ್ಲವೆಂದು ಹಿಂದಿಯಲ್ಲಿ ಇನ್ನೊಮ್ಮೆ ಬೈಯುತ್ತಿದ್ದರು. "ಅವರಿಗೆ ಸಿಟ್ಟ ಬರಸಬ್ಯಾಡ್ರಿ, ಹಾರ್ಟಿಗೆ ಛಲೋ ಅಲ್ಲ" ಎಂದು ಅವರ ಹೆಂಡತಿ ಕಾಕು ಮನೆಮನೆಗೂ ಹೇಳಿದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಒಂದು ವರ್ಷ ಅವರು ಎರಡು ಸಲ ತಲೆ ಸುತ್ತಿ ಬಿದ್ದರು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಪರೇಲಿನ ಆಸ್ಪತ್ರೆಯ ಡಾಕ್ಟರಮ್ಮ ಅವರ ಎದೆಯ ಚರ್ಮದಡಿ ಕಡ್ಡಿಯಂಥ ಪುಟ್ಟ ಯಂತ್ರವೊಂದನ್ನು ಕೂರಿಸಿದರು. ಅದು ಸದಾ ಹೃದಯದ ಬಡಿತ ದಾಖಲಿಸುತ್ತದೆ. ತಲೆ ಸುತ್ತಿದಾಗ ಒತ್ತಿ ಗುರುತು ಹಾಕಲು ಕೈಗೊಂದು ಬಟನ್ ಕೊಟ್ಟರು.

ಕಾಕಾ ಅದನ್ನು ದೂರು ಕೊಡುವ ಬಟನ್ ಮಾಡಿಕೊಂಡರು. ಯಾರೋ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದರೂ ಒತ್ತಿದರು, ನೀರಿನ ಟ್ಯಾಂಕರ್ ತಡವಾದರೂ ಒತ್ತಿದರು. ಮೇಲಿನ ಮನೆಯಲ್ಲಿ ನಾನು ಒಣಹಾಕಿದ ಚಾದರದಿಂದ ನೀರು ತೊಟ್ಟಿಕ್ಕಿದಾಗ ಬಟನ್ ಎತ್ತಿ ತೋರಿಸಿದರು: "ಒತ್ತೇನಿ ನೋಡು! ನಿನ್ನ ಹೆಸರು ಪರೇಲಿಗೆ ಹೋತು!"

ಮೂರು ತಿಂಗಳ ನಂತರ ತಪಾಸಣೆಗೆ ಕಾಕಾ, ಕಾಕು ಜೊತೆ ನಾನೂ ಹೋದೆ. ಡಾಕ್ಟರಮ್ಮ ಕಂಪ್ಯೂಟರ್ ನೋಡಿ ಹಿಂದಿಯಲ್ಲಿ ಹೇಳಿದರು: "ಅಂಕಲ್, ನೀವು ಒತ್ತಿದಾಗೆಲ್ಲ ಬಡಿತ ಸರಿಯಾಗೇ ಇದೆ. ಸಿಟ್ಟಿನಿಂದ ಏನೂ ಆಗಿಲ್ಲ."

ಕಾಕು ಗಂಡನ ಕಡೆ ತಿರುಗಿದರು. "ಅಂದ್ರ ಇಷ್ಟ ವರ್ಷ ನಾ ಸುಮ್ಮನ ಹೆದರಿ ಸತ್ತೆನೇನ್ರಿ?"

ಆದರೆ ಡಾಕ್ಟರಮ್ಮ ನಗಲಿಲ್ಲ. ಹಿಂದಿನ ಭಾನುವಾರ ಬೆಳಿಗ್ಗೆ ಹೃದಯ ಐದು ಸೆಕೆಂಡು ನಿಂತಿತ್ತು; ಯಂತ್ರ ತಾನಾಗಿಯೇ ಗುರುತಿಸಿತ್ತು. ಆಗ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಕಾಕಾಗೆ ನೆನಪಿರಲಿಲ್ಲ, ನನಗಿತ್ತು. ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, "ಈ ಬಿಲ್ಡಿಂಗ್‌ನ್ಯಾಗ ನೀ ಒಬ್ಬಾವ ಛಲೋ ಮನಶ್ಯಾ" ಎನ್ನುತ್ತಿದ್ದಂತೆ ಅವರ ಕಣ್ಣು ಮುಚ್ಚಿ ಕೈಯಿಂದ ಕಪ್ಪು ಜಾರಿತ್ತು. ಕಣ್ಣು ಬಿಟ್ಟವರೇ ಕಪ್ಪಿನ ಹಿಡಿಯನ್ನು ಬೈದಿದ್ದರು.

"ಇನ್ನ ಮ್ಯಾಲೆ ಯಾರನ್ನೂ ಹೊಗಳಬ್ಯಾಡ್ರಿ" ಎಂದರು ಕಾಕು, ಕಣ್ಣೊರೆಸಿಕೊಳ್ಳುತ್ತ. ಅದೇ ವಾರ ಪೇಸ್‌ಮೇಕರ್ ಹಾಕಿದರು. ಅಲ್ಲಿಂದ ಮುಂದೆ ಎಲ್ಲರೂ ಕಾಕಾಗೆ ಎದುರಾಡತೊಡಗಿದರು, ಕಾಕು ಎಲ್ಲರಿಗಿಂತ ಮೊದಲು.

ಆಮೇಲೆ ಅವರು ಪವಾಯಿಯ ಮಗಳ ಮನೆಗೆ ಹೋಗಿ ನೆಲೆಸಿದರು. ಕೊನೆಯ ಸಲ ಅವರನ್ನು ಕಂಡದ್ದು ಅಲ್ಲೇ. "ಇಲ್ಲೆ ಎಲ್ಲಾರೂ ಭಾಳ ಶಿಸ್ತಿನವರು. ಬೈಲಿಕ್ಕೆ ಒಬ್ಬರೂ ಸಿಗಂಗಿಲ್ಲೋ ತಮ್ಮಾ" ಎಂದರು, ಸಪ್ಪಗೆ. ನಮ್ಮ ಬಿಲ್ಡಿಂಗ್‌ನ ಪಂಪು ಕೆಟ್ಟ ಸುದ್ದಿ ಹೇಳಿದೆ. ನನ್ನ ಫೋನ್ ಕಸಿದುಕೊಂಡು ಹೊಸ ಸೆಕ್ರೆಟರಿಯನ್ನು ಹತ್ತು ನಿಮಿಷ ಎರಡೂ ಭಾಷೆಯಲ್ಲಿ ಬೈದರು. ಮುಖ ಅರಳಿತು. ಬಾಗಿಲವರೆಗೂ ಬಂದು, "ಮತ್ತೇನರ ಕೆಟ್ಟರ ಹೇಳಾಕ ಬಾ" ಎಂದರು.

ಆ ಮಳೆಗಾಲದಲ್ಲೇ ತೀರಿಕೊಂಡರು. ಈಗ ನಮ್ಮ ಲಿಫ್ಟು ಕೆಟ್ಟು ಎರಡು ವಾರವಾಯಿತು. ಎಲ್ಲರೂ ಸುಮ್ಮನೆ ಮೆಟ್ಟಿಲು ಹತ್ತುತ್ತಿದ್ದೇವೆ.