ಮೂರು ಸಲ ಕೇಳಬೇಕೆಂಬ ಸ್ಪ್ಯಾನಿಷ್ ವಾಕ್ಯ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ, ಹಾನಗಲ್ಲ ತಾಲ್ಲೂಕಿನ ಅಸಂಖ್ಯ ಮಕ್ಕಳ ನಿದ್ದೆಗೆ ಕಾರಣನಾಗಿ ನಿವೃತ್ತನಾದವನು ನಾನು. ಇನ್ನು ಯಾವ ಕ್ರಿಯಾಪದವೂ ನನ್ನನ್ನು ಬೆದರಿಸಲಾರದು ಎಂದು ನಂಬಿ ಅಕ್ಕಿಆಲೂರಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯಬೇಕಾಗಿ ಬಂದದ್ದು ಜ್ಞಾನದ ಹಸಿವಿನಿಂದಲ್ಲ. ನನ್ನ ತಂಗಿಯ ಮಗಳು ನಿಜವಾಗಿಯೇ ಹಸಿದಿದ್ದಳು.

ಅವಳು ಹಿರೇಕೆರೂರಿನ ಸುತ್ತ ಟೊಮ್ಯಾಟೊ ಬೀಜದ ಹೊಲಗಳ ಉಸ್ತುವಾರಿ ನೋಡುತ್ತಿದ್ದಳು. ತಳಿ ನೋಡಲು ಸ್ಪೇನಿನಿಂದ ಬಂದ ಹುಡುಗ ಎರಡು ಹಂಗಾಮು ತಳಿ ನೋಡಿದ, ಮೂರನೆಯ ಹಂಗಾಮಿಗೆ ಹಂಸಭಾವಿಯ ನನ್ನ ತಂಗಿಯ ಮನೆಗೆ ಹೆಣ್ಣು ಕೇಳಲು ಬಂದ. ಒಳ್ಳೆಯವನು. ಕಟ್ಟಿದ ಎಮ್ಮೆಗೂ ‘ಬರ್ರಿ’ ಎನ್ನುವಷ್ಟು ಮರ್ಯಾದಸ್ಥ. ಮದುವೆಯಾಯಿತು, ಹುಡುಗಿ ಅತ್ತೆಯ ಮನೆ ಸೇರಿದಳು. ಮೂರು ತಿಂಗಳಿಗೆ ಫೋನಿನ ಪರದೆಯ ಮೇಲೆ ಕೈಯೆತ್ತಿದರೆ ಬಳೆ ಮೊಣಕೈತನಕ ಜಾರುತ್ತಿದ್ದವು.

“ಮಧ್ಯಾಹ್ನ ಅತ್ತಿಯಾರು ಒಮ್ಮೆ ಕೇಳ್ತಾರವ್ವಾ,” ಎಂದಳು, ತಾಯಿ ಗದರಿಸಿದ ಮೇಲೆ. “ನಾ ಬ್ಯಾಡ ಅಂತೇನಿ. ಅವ್ರು ಆತು ಅಂತ ಪಾತ್ರಿ ಮುಚ್ಚಿ ಇಟ್ಟಬಿಡ್ತಾರ.”

“ಹೌದು ಅನ್ನಾಕ ಬಾಯಿ ಬಿದ್ದೈತೇನ?”

“ಮೊದಲನೇ ಸಲಕ್ಕ ಹೌದು ಅನ್ನೂದು ಹೆಂಗ?”

ತಂಗಿ ಪಕ್ಕದಲ್ಲಿದ್ದ ನನ್ನ ಮುಖ ನೋಡಿದಳು. ಪ್ರಶ್ನೆ ನ್ಯಾಯವಾದದ್ದು. ನಮ್ಮ ಕಡೆ ಊಟಕ್ಕೆ ಕರೆದರೆ ಮೊದಲು ‘ಈಗಷ್ಟ ಉಂಡೇನ್ರಿ’ ಎನ್ನಬೇಕು. ಎರಡನೆಯ ಸಲ ‘ಬ್ಯಾಡ್ರಿ, ಖರೇನ ಬ್ಯಾಡ’ ಎನ್ನಬೇಕು. ಮೂರನೆಯ ಸಲಕ್ಕೆ ಯಾರೂ ಉತ್ತರಕ್ಕೆ ಕಾಯುವುದಿಲ್ಲ, ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ಈ ವಿಧಿಯನ್ನು ಯಾರೂ ಕಲಿಸುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಸ್ಪೇನಿನ ಆ ತಾಯಿಯಾದರೂ ಏನು ಮಾಡಿಯಾಳು? ಬೇಡ ಎಂದವರಿಗೆ ಬಲವಂತ ಮಾಡದಿರುವುದೇ ಅವರ ಮರ್ಯಾದೆ. ಎರಡು ಮರ್ಯಾದೆಗಳ ನಡುವೆ ಹುಡುಗಿ ಉಪವಾಸ. ರಾತ್ರಿ ಗಂಡ ತಾನೇ ತಾಟಿಗೆ ಹಾಕಿ ಕೊಡುತ್ತಿದ್ದನಂತೆ. ಅವನಿಗೆ ಹೇಳಬಹುದಿತ್ತು, ಆದರೆ ಅವನು ತಾಯಿಗೆ ಹೇಳಿದರೆ ಸೊಸೆ ಚಾಡಿ ಹೇಳಿದಂತಾಗುತ್ತದೆ.

“ಬೀಗತಿಗೆ ಹಿರಿಯರ ಬಾಯಿಂದ ಮಾತು ಹೋಗಬೇಕಣ್ಣಾ,” ಎಂದಳು ತಂಗಿ. “ಸ್ವಾದರಮಾವ ನೀ. ನೀನ ಹೇಳು.”

“ಅವರಿಗೆ ಇಂಗ್ಲಿಷ್ ಬರೂದಿಲ್ಲವಾ.”

“ಅವರ ಭಾಷಾದಾಗ ಹೇಳು. ಅಷ್ಟು ವರ್ಷ ವ್ಯಾಕರಣ ಕಲಿಸಿದ್ದು ಸುಳ್ಳೇನು?”

“ಫೋನಿನಾಗ ಅನುವಾದ ಮಾಡೂದು ಐತಿ.”

“ಫೋನು ಹಿರಿಯಾ ಏನು?”

ಅಳಿಯ ಬಿಟ್ಟುಹೋಗಿದ್ದ ದಪ್ಪನೆಯ ಸ್ಪ್ಯಾನಿಷ್ ವ್ಯಾಕರಣದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಮರಳಿದೆ.

ಮೊದಲ ವಾರ ಸರ್ವನಾಮಗಳು. ಶತ್ರುವಿನ ಬಲಾಬಲ ಅಳೆಯುವ ಸೇನಾಪತಿಯಂತೆ ಕನ್ನಡಕ ಏರಿಸಿ ಕೂತವನು, ಎರಡೇ ಪುಟಕ್ಕೆ ಕನ್ನಡಕ ತೆಗೆದು ಒರೆಸಿಕೊಂಡೆ. ನಮ್ಮಂತೆಯೇ ಅವರೂ ‘ನಾನು’ ಎಂಬುದನ್ನು ಬಿಟ್ಟೇ ಮಾತಾಡುತ್ತಾರೆ! ‘ಬರ್ತೇನಿ’ ಎಂದರೆ ಸಾಕಲ್ಲವೆ, ಬರುವವ ಯಾರೆಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ಅಲ್ಲಿಯೂ ಹಾಗೆಯೇ. ಇನ್ನು ಹಿರಿಯರಿಗೆ ‘ಉಸ್ತೆದ್’ ಎನ್ನಬೇಕು. ಎದುರಿಗೇ ಕೂತಿದ್ದರೂ ಅವರು ಬೇರೆಲ್ಲೋ ಇರುವ ಮೂರನೆಯವರು ಎಂಬಂತೆ ಕ್ರಿಯಾಪದ ಹಾಕಬೇಕು. ಇದೇನು ವಿಚಿತ್ರ ಎನ್ನಲು ಹೊರಟವನಿಗೆ ನಮ್ಮ ‘ತಾವು’ ನೆನಪಾಯಿತು. ಅದೂ ‘ತಾನು’ ಎಂಬ ಮೂರನೆಯವನ ಬಹುವಚನವೇ. ಎದುರಿಗಿದ್ದವರನ್ನು ನೇರವಾಗಿ ಮುಟ್ಟದಿರುವುದೇ ಗೌರವ ಎಂಬುದು ಎರಡು ಸಮುದ್ರಗಳಾಚೆಯವರಿಗೂ ಹೊಳೆದಿತ್ತು. ಯಾರು ಯಾರಿಗೆ ಹೇಳಿಕೊಟ್ಟಿದ್ದರು? ಮೂವತ್ತೊಂದು ವರ್ಷ ‘ತಾವು’ ಕಲಿಸಿದವನು ಅದನ್ನು ಅಂದೇ ಮೊದಲ ಸಲ ನೋಡಿದೆ.

ಸಣ್ಣ ಸರ್ವನಾಮಗಳು ಮಾತ್ರ ಸಂತೆ ದಿನದ ಬಸ್ಸಿನ ಜನ. ‘ಕೊಡು’ ಎಂಬ ಕ್ರಿಯಾಪದದ ಹಿಂದೆ ‘ನನಗೆ’, ‘ಅದನ್ನು’ ಎರಡೂ ಜೋತುಬಿದ್ದು ‘ದಾಮೆಲೊ’ ಎಂಬ ಒಂದೇ ಪದವಾಗುತ್ತವೆ. ‘ಕೊಡಬೇಡ’ ಎಂದಿರೋ, ಇಬ್ಬರೂ ಇಳಿದು ಓಡಿ ಮುಂದಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರ ಶಿಸ್ತಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಆಮೇಲೆ ಬಂತು ಸಬ್‌ಜಂಕ್ಟಿವ್. ನಡೆದದ್ದನ್ನು ಹೇಳಲು ಒಂದು ರೂಪ. ನಡೆಯಲಿ ಎಂದು ಬಯಸಿದ್ದಕ್ಕೆ, ನಡೆದೀತೋ ಇಲ್ಲವೋ ಎಂಬ ಸಂಶಯಕ್ಕೆ, ನಡೆದುಬಿಟ್ಟೀತೆಂಬ ಅಂಜಿಕೆಗೆ ಇನ್ನೊಂದು. ನಮ್ಮ ‘ಬರಲಿ’, ‘ಬಂದಾನು’ ಎಂಬವು ಅಲ್ಲಿ ಒಂದೇ ಚಾವಣಿಯ ಕೆಳಗೆ ಸಂಸಾರ ಮಾಡುತ್ತಿದ್ದವು. ‘ಅವಳು ಬಂದಾಗ’ ಎನ್ನಲಿಕ್ಕೂ, ಅವಳು ಇನ್ನೂ ಬಂದಿಲ್ಲವಾದರೆ, ಈ ರೂಪವೇ ಬೇಕು. ನಾಳೆಯ ದಿನ ತನ್ನ ಅಪ್ಪನ ಆಸ್ತಿಯೆಂದು ಆ ಭಾಷೆ ಎಂದೂ ಮಾತಾಡುವುದಿಲ್ಲ.

ಶಿಗ್ಗಾಂವಿ ದಾಟಿ ಸವಣೂರಿಗೆ ವೀಳ್ಯದೆಲೆ ತರಲು ಹೋಗುವಾಗ ಬಸ್ಸಿನಲ್ಲಿ ಈ ರೂಪಗಳನ್ನೇ ಗುಣುಗುಣಿಸುತ್ತಿದ್ದೆ. ಪಕ್ಕದ ರುಮಾಲಿನ ಯಜಮಾನರು ಭಕ್ತಿಯಿಂದ ಕೇಳಿದರು:

“ಯಾವ ಮಂತ್ರರೀ ಮಾಸ್ತರ?”

“ಸ್ಪೇನ್ ದೇಶದ್ದ್ರಿ.”

“ಫಲ ಸಿಗತೈತೇನ್ರಿ?”

“ಸಿಗಲಿ ಅನ್ನೂದನ್ನ ಕಲಿಯಾಕತ್ತೇನ್ರಿ.”

ಅವರು ಕೈಮುಗಿದು ಸ್ವಲ್ಪ ಸರಿದು ಕೂತರು.

ಸವಣೂರಿನಲ್ಲಿ ನನಗೆ ಎಲೆ ಕೊಡುವ ಸಾಹೇಬರ ಮುಂದೆ ತಂಗಿಯ ಮಗಳ ಸಂಗತಿ ಹೇಳಿಕೊಂಡೆ. ಅವರು ಎಲೆ ಜೋಡಿಸುತ್ತ, “ಹುಡುಗಿ ಹೊಟ್ಟಿ ತುಂಬ ಉಣ್ತಾಳ ಬಿಡ್ರಿ, ಇನ್ಶಾ ಅಲ್ಲಾ,” ಎಂದರು. ಹಿಂದಿನ ದಿನವಷ್ಟೇ ‘ಓಹಾಲಾ’ ಎಂಬ ಪದ ಓದಿದ್ದೆ. ಹಾಗಾಗಲಿ ಎಂದು ಹಾರೈಸುವ ಪದ; ಅದರ ಬೆನ್ನಿಗೆ ಸಬ್‌ಜಂಕ್ಟಿವ್ ಬರಲೇಬೇಕು. ಮೂಲ ಅರಬ್ಬೀ, ದೇವರು ಬಯಸಿದರೆ ಎಂದು ಅರ್ಥ ಅಂತ ಪುಸ್ತಕದಲ್ಲಿ ಬರೆದಿತ್ತು. ಅರಬರ ನಾಡಿನಿಂದ ಒಂದು ಹಾರೈಕೆ ಪಶ್ಚಿಮಕ್ಕೆ ಹೊರಟು ಸ್ಪೇನ್ ಸೇರಿದೆ, ಅದರ ದಾಯಾದಿಯೊಂದು ಪೂರ್ವಕ್ಕೆ ಹೊರಟು ಸವಣೂರಿನ ಎಲೆಯ ಬುಟ್ಟಿಯ ಪಕ್ಕ ಕೂತಿದೆ. ನಡುವೆ ನಾನು, ಕೈಯಲ್ಲಿ ಚೀಲ ಹಿಡಿದು.

ಎರಡು ತಿಂಗಳಿಗೆ ವಾಕ್ಯ ಸಿದ್ಧವಾಯಿತು. ‘ಅವಳು ತಿನ್ನಲಿ’ ಎಂದು ನೇರವಾಗಿ ಹೇಳಬಹುದಿತ್ತು. ಆದರೆ ಅದು ‘ಕೆ ಕೋಮಾ’ ಎಂದಾಗುತ್ತದೆಂದು ತಿಳಿದ ತಂಗಿ, ತನ್ನ ಮಗಳ ವಿಷಯದಲ್ಲಿ ಆ ಶಬ್ದ ಎತ್ತಕೂಡದೆಂದು ಅಪ್ಪಣೆ ಮಾಡಿದಳು. ಹಾಗಾಗಿ ಕೇಳುವ ಕ್ರಿಯಾಪದವನ್ನೇ ಹಿಡಿದೆ.

ಹಂಸಭಾವಿಯಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕೂತೆ. ಪರದೆಯಲ್ಲಿ ಬೀಗತಿ, ಹಿಂದೆ ನಮ್ಮ ಹುಡುಗಿ. “ಸೆನ್ಯೋರಾ,” ಎಂದು ಕೈಮುಗಿದು ಹೇಳಿದೆ: “ಆಕೀ, ಲಾ ಪ್ರಿಮೆರಾ ವೆಸ್, ಸಿಯೆಂಪ್ರೆ ದೆಸಿಮೋಸ್ ನೋ. ಕಿಯೆರೊ ಕೆ ಲೆ ಪ್ರೆಗುಂತೆ ತ್ರೆಸ್ ವೆಸೆಸ್.” ಇಲ್ಲಿ ನಾವು ಮೊದಲ ಸಲ ಯಾವಾಗಲೂ ಬೇಡ ಅನ್ನುತ್ತೇವೆ. ತಾವು ಅವಳನ್ನು ಮೂರು ಸಲ ಕೇಳಬೇಕೆಂದು ನನ್ನ ಆಸೆ.

ಆ ತಾಯಿ ಹಿಂದೆ ತಿರುಗಿ ಸೊಸೆಯನ್ನು ನೋಡಿದರು, ಜಾರಿದ ಬಳೆಗಳನ್ನು ನೋಡಿದರು. ಅಯ್ಯೋ ಎಂಬಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಎದ್ದು ಹೋಗಿ ಕಡಲೆಕಾಳಿನ ಗಟ್ಟಿ ಸಾರಿನ ಬಟ್ಟಲು ತಂದು ಕೇಳಿದರು. ನಾಚಿಕೆಯಿಂದ ಕೆಂಪಾಗಿದ್ದ ಹುಡುಗಿ ತಕ್ಷಣ ‘ಸೀ’ ಎಂದಳು. ಹೌದು ಎಂದು! ಮೊದಲನೆಯ ಸಲಕ್ಕೇ! ಬೀಗತಿ ಒಪ್ಪಲಿಲ್ಲ. ನನ್ನ ಕಡೆ ಬೆರಳು ತೋರಿಸಿ ತಲೆಯಾಡಿಸಿ, ಒಂದು ಬೆರಳು ಮಡಿಚಿ, ಮತ್ತೆ ಕೇಳಿದರು. ಹಿರಿಯರ ಮಾತು, ಲೆಕ್ಕ ತಪ್ಪಬಾರದು. ಮೂರನೆಯ ಸಲ ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡರ ನಡುವೆಯೇ ಉಂಡಳು.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಪಕ್ಕೆ ತಿವಿದಳು.

“ಅಣ್ಣಾ, ಸಾಕು ಅಂದ ಮ್ಯಾಲೂ ಒಂದು ಸೌಟು ಹಾಕಬೇಕಂತ ಹೇಳು.”

“ಅದಕ್ಕ ಇನ್ನೂ ಎರಡು ಪಾಠ ಓದಬೇಕವಾ.”

“ಓದು ಮತ್ತ. ಬ್ಯಾಡಂದವರು ಯಾರು?”