ನಾನಿಯ ಕುರ್ಚಿಯ ದಿಕ್ಕು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನಿ ನನ್ನ ಮನೆಯಲ್ಲಿದ್ದದ್ದು ಮೂರು ವಾರವೋ ನಾಲ್ಕೋ, ಪಕ್ಕದ ಮನೆಯಾಕೆ ಅಂದು ತಂದದ್ದು ಶೇಂಗಾ ಚಟ್ನಿಯೋ ಮಜ್ಜಿಗೆಯೋ, ಆಣೆ ಮಾಡಿ ಹೇಳಲಾರೆ. ನನ್ನ ಡೈರಿಯಲ್ಲಿ ಆ ದಿನಗಳ ಪುಟಗಳು ಖಾಲಿ ಇವೆ, ಬರೆಯಲು ನಾಚಿಕೆಯಾಗಿರಬೇಕು. ಇನ್ನೊಂದು ತೊಡಕೂ ಇದೆ. ನಾನಿ, ಅಂದರೆ ಅಮ್ಮನ ಅಮ್ಮ, ನನ್ನೊಡನೆ ಆಡುವುದು ಮನೆಯ ಉರ್ದು. ಇಲ್ಲಿರುವುದು ನನ್ನ ಕನ್ನಡ. ನಡುವೆ ಏನಾದರೂ ಸೋರಿಹೋಗಿದ್ದರೆ ಅದಕ್ಕೆ ನಾನೇ ಹೊಣೆ.

ನಾನಿಗೆ ಬಲಗಣ್ಣಿನ ಪೊರೆ ತೆಗೆಸಿದ್ದೆವು. ತಿಲಕ್ ನಗರದ ಅವರ ಮನೆ ಮೂರನೆಯ ಮಹಡಿ, ಕಡಿದಾದ ಮೆಟ್ಟಿಲು. ಬಿಟಿಎಂ ಲೇಔಟ್‌ನ ನನ್ನ ಬಾಡಿಗೆ ಮನೆಗೆ ಲಿಫ್ಟ್ ಇತ್ತು, ಕರೆತಂದೆ. ಎಡಗಣ್ಣಿನಲ್ಲೂ ಪೊರೆ, ಬಲಗಣ್ಣಿನ ಊತ ಬೇಗ ಇಳಿಯಲಿಲ್ಲ. ಕಪ್ಪು ಕನ್ನಡಕದ ಹಿಂದೆ ಅವರಿಗೆ ಕಾಣುತ್ತಿದ್ದದ್ದು ಬರೀ ನೆರಳು. ತಲೆ ಬಗ್ಗಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಮಾಜನ್ನು ಕುರ್ಚಿಯ ಮೇಲೆ ಕೂತೇ ಮಾಡಬೇಕಿತ್ತು.

ಬಂದ ದಿನವೇ ಕೇಳಿದರು, ಕುರ್ಚಿ ಹಾಕು ಎಂದು. "ನೀನು ಯಾವ ಕಡೆ ನಿಲ್ತೀಯೋ ಆ ಕಡೆಗೇ ಹಾಕು, ಬೇಟಾ."

ನಾನು ಆ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಕಾಬಾ ಇರುವ ದಿಕ್ಕು ಯಾವುದೆಂದು ಒಮ್ಮೆಯೂ ಹುಡುಕಿರಲಿಲ್ಲ, ಯಾಕೆಂದರೆ ಒಮ್ಮೆಯೂ ನಮಾಜಿಗೆ ನಿಂತಿರಲಿಲ್ಲ. ಹಾಗೆಂದು ಹೇಳುವ ಬದಲು ಸದ್ದಿಲ್ಲದೆ ಫೋನ್ ತೆಗೆದೆ. ದಿಕ್ಕು ತೋರಿಸುವ ಆ್ಯಪ್‌ನಲ್ಲಿ ಬಾಣ ತಿರುಗಿ, ನಡುಗಿ, ಬಟ್ಟೆಯ ಕಪಾಟಿನ ಕಡೆಗೆ ನಿಂತಿತು. ಕುರ್ಚಿಯ ನಾಲ್ಕು ಕಾಲು ಬರುವಲ್ಲಿ ನೆಲಕ್ಕೆ ಹಳದಿ ಟೇಪ್ ಅಂಟಿಸಿದೆ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಕಪಾಟು ಎದುರಾದದ್ದು ನನಗೆ ಸಹಜವೇ ಅನ್ನಿಸಿತ್ತು. ತಿಲಕ್ ನಗರದ ಮನೆಯಲ್ಲೂ ನಾನಿ ಕಬ್ಬಿಣದ ಬೀರುವಿನ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು. ನಾಲ್ಕೈದು ವರ್ಷದವಳಿದ್ದಾಗ ಅಲ್ಲಾಹ್ ಆ ಬೀರುವಿನೊಳಗೆ, ಮಡಿಸಿಟ್ಟ ಹೊದಿಕೆಗಳ ಹಿಂದೆ ಇದ್ದಾನೆಂದು ನಂಬಿದ್ದೆ. ಒಮ್ಮೆ ಬಾಗಿಲು ತೆರೆದು ಇಣುಕಿ ಬೈಸಿಕೊಂಡಿದ್ದೆ. ಅವನು ಒಬ್ಬನೇ, ಅವನಿಗೆ ಇಂಥದ್ದೇ ಜಾಗ ಅಂತಿಲ್ಲ, ಅವನಂಥದ್ದು ಇನ್ನೊಂದಿಲ್ಲ ಎಂದು ತಲೆಗೆ ಮೊಟಕಿ ಹೇಳಿದ್ದು ನಾನಿ. ಅಥವಾ ಅಮ್ಮ. ಮೊಟಕಿದ್ದಂತೂ ನಿಜ.

ದಿನಕ್ಕೆ ಐದು ಸಲ ನಾನಿ ಗೋಡೆ ಹಿಡಿದು ಬಂದು, ಕುರ್ಚಿಯ ಬೆನ್ನು ಸವರಿ ಕೂರುತ್ತಿದ್ದರು. ನಾನು ಹಾಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ಇರುತ್ತಿದ್ದೆ. ಸೂರ್ಯ ಯಾವ ಕಿಟಕಿಯ ಆಚೆ ಮುಳುಗುತ್ತಾನೆ ಎಂದು ನೋಡಿದವಳಲ್ಲ; ಆ ಹೊತ್ತಿಗೆ ಯಾವಾಗಲೂ ಮೀಟಿಂಗ್.

ಪಕ್ಕದ ಮನೆಯಲ್ಲಿ ಹುಬ್ಬಳ್ಳಿ ಕಡೆಯಾಕೆ ಒಬ್ಬಳಿದ್ದಳು. ನನಗಿಂತ ಚಿಕ್ಕವಳು, ಯಾವುದೋ ಆಫೀಸಿನ ರಿಸೆಪ್ಷನ್‌ನಲ್ಲಿ ಕೆಲಸ. ದೇವರ ಜಗಲಿ ಪೂರ್ವಕ್ಕೇ ಇರಬೇಕೆಂದು ಮನೆ ಹುಡುಕುವಾಗ ಬ್ರೋಕರನ್ನು ಎರಡು ತಿಂಗಳು ಅಲೆಸಿದ್ದಳಂತೆ. ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಬಂದಾಗ ಕೋಣೆಯ ಬಾಗಿಲು ತೆರೆದಿತ್ತು, ನಾನಿ ನಮಾಜಿನಲ್ಲಿದ್ದರು. ಅವಳು ಅಡುಗೆಮನೆಗೆ ಬಂದು ದನಿ ತಗ್ಗಿಸಿ ಕೇಳಿದಳು:

"ಅಕ್ಕಾರ, ನಿಮ್ಮೊಳಗ ಪಶ್ಚಿಮಕ್ಕ ಮುಖ ಮಾಡ್ತಾರಂತ ಕೇಳಿದ್ದೆ. ಅಜ್ಜಿ ಯಾಕ ಉತ್ತರಕ್ಕ ಕುಂತಾರ?"

ಅದು ಉತ್ತರವಲ್ಲ ಎಂದೆ. ಅವಳು ನಕ್ಕಳು. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ಬಂದ ದಿನವೇ ಮಂಚ ತಿರುಗಿಸಿದವಳು ತಾನು, ಈ ಬಿಲ್ಡಿಂಗಿನ ದಿಕ್ಕು ತನಗೆ ಗೊತ್ತಿಲ್ಲವೇ ಎಂದಳು. ನಾನು ಫೋನ್ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿದಳು. ಫೋನನ್ನು ಮುಚ್ಚುವ ಕವರಿನ ಅಂಚಿನಲ್ಲಿ ಪುಟ್ಟ ಅಯಸ್ಕಾಂತ. ಕವರ್ ಕಳಚಿದೊಡನೆ ಬಾಣ ಕೋಣೆಯ ಕಪಾಟಿನ ದಿಕ್ಕನ್ನು ಬಿಟ್ಟು ಎಡಗಡೆಗೆ, ಅದರ ಕಿಟಕಿಯ ಗೋಡೆ ಇರುವ ಕಡೆಗೆ ಹೊರಳಿತು.

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ಐದರಂತೆ ಎಷ್ಟೋ ನಮಾಜು. ಜ್ವರ ಬಂದಾಗಲೂ, ತಾತ ತೀರಿಕೊಂಡ ದಿನವೂ ಒಂದು ಹೊತ್ತನ್ನೂ ಬಿಡದವರು. ಕಣ್ಣು ಕಾಣದ ಕಾಲಕ್ಕೆ ನನ್ನನ್ನು ನಂಬಿದ್ದರು. ನಾನು ಅವರನ್ನು ಕಪಾಟಿನ ಮುಂದೆ ಕೂರಿಸಿದ್ದೆ. ಅವೆಲ್ಲ ವ್ಯರ್ಥವಾದವೇ? ಹೇಳದೆ ಕುರ್ಚಿ ತಿರುಗಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಯೋಚಿಸಿದ್ದು ನೆನಪಿದೆ. ಹೇಳಿದರೆ ಫೋನಿನ ಕಥೆ ಹೇಳಬೇಕು. ಫೋನ್ ಯಾಕೆ ಬೇಕಾಯಿತು ಎಂದು ಅವರು ಕೇಳಿದರೆ?

ಟೇಪ್ ಕಿತ್ತೆ, ಕುರ್ಚಿ ತಿರುಗಿಸಿದೆ, ಹೇಳಲಿಲ್ಲ. ಸಂಜೆಯ ನಮಾಜಿಗೆ ನಾನಿ ಬಂದರು. ಬೆನ್ನು ಸವರಲು ಕೈ ಚಾಚಿದರೆ ಅಲ್ಲಿ ಬೆನ್ನಿರಲಿಲ್ಲ.

"ಯಾಕೆ ತಿರುಗಿಸಿದೆ?"

ಆಗ ಎಲ್ಲವನ್ನೂ ಹೇಳಿದೆ. ಬಾಣ, ಕವರ್, ಪಕ್ಕದ ಮನೆಯಾಕೆ. ಕೊನೆಗೆ, ನಾನು ಈ ಮನೆಯಲ್ಲಿ ಯಾವ ಕಡೆಗೂ ನಿಂತಿಲ್ಲ ಎಂಬುದನ್ನೂ. ನಾನಿ ಕೂತು ಕೇಳಿದರು. ನೀನು ಹುಡುಕಿದ್ದೆಯಲ್ಲ ಎಂದರು, ಹೌದೆಂದೆ. ನಾನು ನಿನ್ನನ್ನು ಕೇಳಿದ್ದೆನಲ್ಲ ಎಂದರು, ಹೌದೆಂದೆ.

"ಮತ್ತೇನು? ಗೊತ್ತಿದ್ದೂ ತಪ್ಪು ಕಡೆ ಕೂತಿದ್ರೆ ಆ ಮಾತು ಬೇರೆ. ಇದೇನು ಪೋಸ್ಟಾಫೀಸಾ, ಅಡ್ರೆಸ್ ತಪ್ಪಾಯ್ತು ಅಂತ ವಾಪಸ್ ಬರೋಕೆ? ಹೇಳಿದ ಕಡೆ ತಿರುಗೋದು ನನ್ನ ಕೆಲಸ. ಕೇಳಿಸ್ಕೊಳ್ಳೋದು ಅವನ ಕೆಲಸ."

ಹಾಗಿದ್ದರೆ ದಿಕ್ಕು ಯಾತಕ್ಕೆ ಎಂದು ಕೇಳದಿರಲಾಗಲಿಲ್ಲ. ಓದಿದವರ ಚಟ. ಒಬ್ಬೊಬ್ಬರೂ ತಮಗೆ ಬೇಕಾದ ಕಡೆ ತಿರುಗುತ್ತಾ ಹೋದರೆ ಕೊನೆಗೆ ತಮಗೆ ಬೇಕಾದಂಥ ದೇವರನ್ನೇ ಮಾಡಿಕೊಳ್ಳುತ್ತಾರೆ, ಅದಕ್ಕೆ, ಎಂದರು. ನಾನು ನಿಂತಿಲ್ಲ ಅಂದದ್ದಕ್ಕೆ ಬೈಗುಳ ಕಾಯುತ್ತಿದ್ದೆ. ಅವರು ಕನ್ನಡಕ ಸರಿಪಡಿಸಿಕೊಂಡು ಇಷ್ಟೇ ಹೇಳಿದರು: "ಸರಿ, ಯಾವ ಕಡೆ ಅಂತ ಈಗ ಗೊತ್ತಾಯ್ತಲ್ಲ."

ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದಂತಾಯಿತು. ಆ ಸಂಜೆ ಅವರ ಹಿಂದೆ ನಾನೂ ನಿಂತೆ. ನಿಂತದ್ದು ಅವನಿಗಾಗಿಯೋ ನಾನಿ ಮೆಚ್ಚಲೆಂದೋ ಎಂದು ಆಮೇಲೆ ಅನುಮಾನಪಟ್ಟೆ; ಅವನಿಗೆಂದು ಮಾಡುವುದರಲ್ಲಿ ಇನ್ನೊಬ್ಬರಿಗೂ ಪಾಲಿಟ್ಟರೆ ಅದು ಇಬಾದತ್ ಅಲ್ಲ, ಆರಾಧನೆಯೇ ಅಲ್ಲ ಎಂದು ಕಲಿಸಿದವರು ಅವರೇ. ಆದರೆ ಅವರು ಮುಂದಿದ್ದರು, ನಾನು ಹಿಂದೆ, ಅವರಿಗೆ ಕಣ್ಣೂ ಕಾಣುತ್ತಿರಲಿಲ್ಲ. ನಾನು ನಿಂತದ್ದು ಅವರಿಗೆ ತಿಳಿದೇ ಇರಲಿಲ್ಲ. ಹಾಗಾಗಿ ಅದು ಶುದ್ಧವಾಗಿಯೇ ಇದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ನಾನಿಯ ಮಾತು ಸಾಲದೆ, ತಿಲಕ್ ನಗರದಲ್ಲಿ ಹೆಂಗಸರಿಗೆ ಧರ್ಮದ ಪಾಠ ಹೇಳುವ ಒಬ್ಬರನ್ನೂ ಕೇಳಿದೆ. ಕಣ್ಣು ಕಾಣದವರು ಇನ್ನೊಬ್ಬರನ್ನು ಕೇಳಿ, ನಂಬಿ ಮಾಡಿದ ನಮಾಜು ಸರಿಯೇ, ಮತ್ತೆ ಮಾಡಬೇಕಿಲ್ಲ ಎಂದರು.

ಮರುದಿನ ಪಕ್ಕದ ಮನೆಯಾಕೆ ಬಂದಾಗ ನಾನಿ ಅವಳ ಕೈ ಹಿಡಿದು ಕೂರಿಸಿಕೊಂಡರು. ಅವಳಿಗೂ ಒಂದು ಸಂದೇಹವಿತ್ತು: ನೀವು ಮುಖ ಮಾಡುವ ಆ ಕಡೆ ಇರುವುದು ದೇವರೇ?

"ಆ ಕಡೆ ಮೊದ್ಲು ಸಿಗೋದು ಓನರ್ ಮನೆ, ಕಣಮ್ಮ."

"ಅದಕ್ಕ ಅಂವ ಅಷ್ಟ್ ಬೀಗ್ತಾನ ನೋಡ್ರಿ, ಅಜ್ಜಿ."

ನಾನಿ ನಗುತ್ತ ಕಣ್ಣೊರೆಸಿಕೊಳ್ಳಲು ಹೋದರು. ಕಣ್ಣು ಮುಟ್ಟಬೇಡಿ ಎಂದು ಇಬ್ಬರೂ ಕೈ ತಡೆದೆವು. ನಗು ನಿಂತ ಮೇಲೆ, ಕನ್ನಡದಲ್ಲಿ, ಇದು ಅವರದೇ ಮಾತು: "ನಮಾಜು ಗೋಡೆಗಲ್ಲಮ್ಮ. ಕಾಬಾಗೂ ಅಲ್ಲ, ಅದು ಕಲ್ಲಿನ ಮನೆ. ಅವನೊಬ್ಬನಿಗೇ."

ನಾನಿ ತಿಲಕ್ ನಗರಕ್ಕೆ ಮರಳುವ ಹಿಂದಿನ ಸಂಜೆ ಕಾಫಿ ಹಿಡಿದು ಕೋಣೆಗೆ ಹೋದೆ. ನಮಾಜು ಮುಗಿದಿತ್ತು, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಅವನ ಸ್ತುತಿ ಎಣಿಸುತ್ತಿದ್ದರು. ಕಿಟಕಿಯಿಂದ ಬಿಸಿಲು ನೇರ ಅವರ ಮುಖಕ್ಕೆ ಬೀಳುತ್ತಿತ್ತು. ಬೀಳುತ್ತಿತ್ತು ಎಂದೇ ನನ್ನ ನೆನಪು. ಆಮೇಲೆ ಓನರ್ ತಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ್ದಾರೆ, ಈಗ ಆ ಕೋಣೆಗೆ ಬಿಸಿಲೇ ಬರುವುದಿಲ್ಲ, ನೋಡಿ ಖಚಿತಪಡಿಸಿಕೊಳ್ಳುವಂತಿಲ್ಲ. ಸಂಜೆಯ ಬಿಸಿಲು ಎತ್ತಲಿಂದ ಎಂದು ತಿಳಿಯಲು ಕಣ್ಣು ಬೇಕಿಲ್ಲ, ಚರ್ಮ ಸಾಕು ಎಂದು ಆಗ ಹೊಳೆಯಿತು. ಗೊತ್ತಿದ್ದೂ ಕೂತಿದ್ದರೆ ಆ ಮಾತು ಬೇರೆ ಎಂದವರು ಅವರೇ. ಎಣಿಕೆಯ ನಡುವೆ ಮಾತಾಡುವುದಿಲ್ಲವೆಂದು ತಿಳಿದಿದ್ದೂ ಕೇಳಿಬಿಟ್ಟೆ. ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ಕ್ಷಣ ನಿಂತು ಮುಂದೆ ಸರಿಯಿತು. ಆಮೇಲೆ ಅವರು ಕಾಫಿ ಕುಡಿದರು, ಸಕ್ಕರೆ ಕಡಿಮೆ ಎಂದರು. ಆಮೇಲೂ ಎರಡು ಸಲ ಫೋನಿನಲ್ಲಿ ಅದನ್ನೇ ಕೇಳಿದ್ದೇನೆ. ಎರಡು ಸಲವೂ ಊಟ ಆಯ್ತಾ ಎಂದು ಕೇಳಿದರು. ನನ್ನ ಪ್ರಶ್ನೆ ಇಷ್ಟೇ:

"ನಾನಿ, ಅಷ್ಟು ದಿನ ಬಿಸಿಲು ನಿಮ್ಮ ಎಡಗೆನ್ನೆ ಮೇಲೆ ಬೀಳ್ತಿತ್ತಲ್ಲ, ನಿಮಗೆ ಗೊತ್ತಾಗ್ಲೇ ಇಲ್ವಾ?"